ಜರ್ಮನಿ ಗಾಡಿಗೆ ನಾನು ಕೊಟ್ಟ ಪರವಾನಗಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅಪರಾಧಿಯನ್ನು ಹುಡುಕುವ ತ್ರಾಸು ಯಾರಿಗೂ ಬೇಡ. ನಮ್ಮ ಕಾಕಾನ ಜರ್ಮನಿ ಗಾಡಿಯ ಪೈಪು ಕಡಿದದ್ದು ಒಂದು ಇಲಿ. ಗಾಡಿಯನ್ನು ಕೊಂದದ್ದು ನಾನು. ಇಲಿ ಹಲ್ಲಿನಿಂದ ಮಾಡಿತು, ನಾನು ಬಾಯಿಯಿಂದ ಮಾಡಿದೆ. ತಾನು ಏನು ಕಡಿಯುತ್ತಿದ್ದೇನೆಂದು ಇಲಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೇಲಾಗಿ ಸುತ್ತ ಐದಾರು ಮಂದಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನನಗೆ ಇನ್ನೊಬ್ಬರ ದನಿ ಮಾಡುವ ಚಟ. ಒಬ್ಬ ಮನುಷ್ಯ ಎದುರಿಗೆ ನಿಂತು ಐದು ನಿಮಿಷ ಮಾತಾಡಿದರೆ ಸಾಕು, ಅವನು ಬೆನ್ನು ತಿರುಗಿಸುವುದರೊಳಗೆ ಅವನ ದನಿ ನನ್ನ ಗಂಟಲಿಗೆ ಬಂದು ಕೂತಿರುತ್ತದೆ. ಜೋಯಿಡಾ ಕಡೆಯ ಫಾರೆಸ್ಟ್ ಗಾರ್ಡ್ ಕೊಂಕಣಿಯ ರಾಗದಲ್ಲಿ ಕನ್ನಡದ ಬೈಗುಳ ಬೈಯುವುದು, ಬೆಂಗಳೂರಿನ ಟೂರಿಸ್ಟು ಕಾಲು ನೀರಿಗೆ ಇಡುವ ಮೊದಲು 'ಇಲ್ಲಿ ಮೊಸಳೆ ಇಲ್ಲ ತಾನೇ' ಅಂತ ಕೇಳುವುದು, ಕ್ಯಾಂಪಿನ ಮಾಲೀಕರು ಫೋನಿನಲ್ಲಿ ಹೆಂಡತಿಗೊಂದು ದನಿ, ನಮಗೊಂದು ದನಿ ತೆಗೆಯುವುದು, ಎಲ್ಲ ಬರುತ್ತದೆ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಕೆಮ್ಮಿ ಹೊತ್ತು ಕಳೆಯಬೇಕಾಗುತ್ತದೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಅಪ್ಪ ಹಳಿಯಾಳದ ಹತ್ತಿರ ಹೊಲ ಹಿಡಿದುಕೊಂಡು ಉಳಿದ. ಕಾಕಾ ದಾಂಡೇಲಿಗೆ ಬಂದು ಪೇಪರ್ ಮಿಲ್ಲಿನಲ್ಲಿ ಫಿಟ್ಟರ್ ಆದ, ಅಲ್ಲೇ ರಿಟೈರ್ ಆದ. ಹೈಸ್ಕೂಲಿನಿಂದ ನಾನು ಬೆಳೆದದ್ದು ಅವನ ಮನೆಯಲ್ಲಿ, ಕಾಕಿ ಬಡಿಸಿದ ರೊಟ್ಟಿ ತಿಂದು. ಈಗ ಗಣೇಶಗುಡಿಯ ರಾಫ್ಟಿಂಗ್ ಕ್ಯಾಂಪಿನಲ್ಲಿ ಕೆಲಸ. ಬಂದವರಿಗೆ ಜಾಕೆಟ್ ತೊಡಿಸುವುದು, ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದು, ನೀರಿಗೆ ಬಿದ್ದರೆ ಏನು ಮಾಡಬೇಕೆಂದು ಹೇಳುವುದು. ನನಗೇ ಈಜು ಅಷ್ಟಕ್ಕಷ್ಟೇ, ಆದರೆ ಹೇಳುವ ದನಿ ಭಾರಿ ಖಡಕ್ಕು.

ಕಾಕಿಯ ತವರು ಮುಂಡಗೋಡ ತಾಲೂಕಿನ ಪಾಳಾ. ಅಲ್ಲಿ ಅವಳ ತಾಯಿ ಇದ್ದಳು, ನಾವೆಲ್ಲ ಆಯಿ ಅನ್ನುತ್ತಿದ್ದೆವು. ಕಾಕಿಯ ತಂದೆ ತೀರಿಕೊಂಡಾಗ ಕಾಕಿ ಮೂರು ಬಸ್ಸು ಬದಲಿಸಿ ಹೋಗುವುದರೊಳಗೆ ಎಲ್ಲ ಮುಗಿದು ಮಂದಿ ಕೈಕಾಲು ತೊಳೆದುಕೊಳ್ಳುತ್ತಿದ್ದರಂತೆ. ಆವತ್ತೇ ಆಯಿ ಮಗಳ ಕೈ ಹಿಡಿದು ಹೇಳಿದ್ದಳು: "ನನ್ನ ಬಾಯಾಗ ನೀರು ನೀನ ಬಿಡಬೇಕವಾ. ಸೊಸೆಂದ್ರ ಕೈಲೆ ಕುಡಿಯೂದು ದಿನಾ ಐತಿ. ಅವತ್ತೊಂದ ದಿನ ನೀ ಬರಬೇಕು." ಸಾಯುವವರ ಬಾಯಿಗೆ ಹನಿ ನೀರು ಬಿಡುವುದು ನಮ್ಮ ಕಡೆ ಸಣ್ಣ ಮಾತಲ್ಲ. ಆಯಿ ಹಾಸಿಗೆ ಹಿಡಿದ ಮೇಲೆ ಕಾಕಿ ಬಾಗಿಲ ಹಿಂದೆ ಒಂದು ಕೈಚೀಲ ತುಂಬಿ ಇಟ್ಟಿದ್ದಳು. ಎರಡು ಸೀರೆ, ಒಂದು ಟವೆಲ್ಲು. ಯಾವಾಗ ಫೋನು ಬಂದರೂ ಎತ್ತಿಕೊಂಡು ಹೊರಡುವುದಷ್ಟೇ ಬಾಕಿ.

ಕಾಕಾ ಗಾಡಿ ತಗೊಂಡದ್ದು ಈ ಕಾರಣಕ್ಕೆ. ಹಾಗಂತ ಅವನು ಹೇಳಿದ. "ನಿಮ್ಮವ್ವಗ ಏನರ ಆತು ಅಂದ್ರ ಎರಡೂವರೆ ತಾಸಿನ್ಯಾಗ ನಿನ್ನ ಪಾಳಾಕ್ಕ ಮುಟ್ಟಸ್ತೇನಿ, ಬರದಿಟ್ಕೊ." ಕಾಕಿ ಬರೆದಿಟ್ಟುಕೊಳ್ಳಲಿಲ್ಲ. "ಅದಕ್ಕ ಜರ್ಮನಿದ ಯಾಕ ಬೇಕು? ನಮ್ಮ ದೇಶದ ಗಾಡಿ ಪಾಳಾಕ್ಕ ಹೋಗಾಂಗಿಲ್ಲೇನು?" ಎಂದಳು.

ಅದಕ್ಕೆ ಕಾಕಾನ ಹತ್ತಿರ ದೊಡ್ಡ ಉತ್ತರ ಇತ್ತು. ಅವನು ಮಿಲ್ಲಿಗೆ ಹೊಸದಾಗಿ ಸೇರಿದಾಗ ಮಶೀನು ಕೂಡಿಸುವುದಕ್ಕೆ ಜರ್ಮನಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದನಂತೆ. ಕೆಂಪು ಮುಖದ ಆ ಮನುಷ್ಯ ಒಂದು ನಟ್ಟು ಬಿಗಿದರೆ ತಿರುಗಿ ಮುಟ್ಟಿ ನೋಡುತ್ತಿರಲಿಲ್ಲವಂತೆ. ಕಾಕಾ ಆವತ್ತೇ ಮನಸ್ಸಿನಲ್ಲಿ ಜರ್ಮನಿಗೆ ಓಟು ಹಾಕಿಬಿಟ್ಟಿದ್ದ. ರಿಟೈರ್ ಆದ ಮೇಲೆ ಧಾರವಾಡದ ಒಬ್ಬ ಡಾಕ್ಟರರು ಮಾರಾಟಕ್ಕಿಟ್ಟಿದ್ದ ಒಂಬತ್ತು ವರ್ಷದ ಹಳೆಯ ಬೂದು ಬಣ್ಣದ ಗಾಡಿಯನ್ನು ನೋಡಿ ಬಂದ. ಅವರ ಅಂಗಳದಲ್ಲಿ ಅದರ ಬಾಗಿಲನ್ನು ಆರು ಸಲ ತೆಗೆದು ಹಾಕಿದನಂತೆ, ಎಂಜಿನ್ ಮಾತ್ರ ಒಂದೇ ಸಲ ಶುರು ಮಾಡಿದನಂತೆ. "ಬಾಗಲಾ ಹಾಕಿದ್ರ 'ಧಬ್' ಅನ್ನಬೇಕು. 'ಟಿಣ್' ಅಂದ್ರ ಅದು ತಗಡು" ಎನ್ನುವುದು ಅವನ ಪರೀಕ್ಷೆ.

ಆ ಕಂಪನಿಯ ಹೆಸರು ಇಲ್ಲಿ ಬೇಡ. ನನ್ನ ತಪ್ಪಿಗೆ ಅದರ ಮಾನ ಯಾಕೆ ಕಳೆಯಲಿ.

ಗಾಡಿ ದಾಂಡೇಲಿಗೆ ಬಂತು. ಅದಕ್ಕೆ ಹೊದಿಸಲು ಕಾಕಾ ಪೇಪರ್ ಮಶೀನಿನ ಹಳೆಯ ಫೆಲ್ಟು, ಅಂದರೆ ಒದ್ದೆ ಕಾಗದ ಹೊತ್ತು ಓಡುವ ದಪ್ಪ ಉಣ್ಣೆಯಂಥ ಬಟ್ಟೆ, ಎಲ್ಲಿಂದಲೋ ಹುಡುಕಿ ತಂದ. ಚಳಿಗಾಲದಲ್ಲಿ ನಮಗಿಂತ ಗಾಡಿಗೇ ಬೆಚ್ಚಗಿರುತ್ತಿತ್ತು. ಬಹುಶಃ ಇಲಿಗೂ. ಮನೆಗೆ ಯಾರೇ ಬಂದರೂ ಚಹಾದ ಮೊದಲು ಅವರಿಂದ ಒಮ್ಮೆ ಬಾಗಿಲು ಹಾಕಿಸುತ್ತಿದ್ದ. ನಾನು ಗಲ್ಲ ಉಬ್ಬಿಸಿ ಆ 'ಧಬ್' ಕಲಿತೆ. ಕಾಕಾ ಹಿತ್ತಲಲ್ಲಿ ಹಲ್ಲುಜ್ಜುವಾಗ ಮುಂದಿನ ಬಾಗಿಲಲ್ಲಿ ನಿಂತು ಬಾಯಿಂದ 'ಧಬ್' ಅಂದರೆ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿ ಬರುತ್ತಿದ್ದ, ಯಾರೋ ಗಾಡಿ ಮುಟ್ಟಿದರು ಅಂತ.

ಅದರ ಇಂಡಿಕೇಟರ್ ಕಡ್ಡಿ ಎಡಗಡೆ, ವೈಪರ್ ಕಡ್ಡಿ ಬಲಗಡೆ. ನಮ್ಮ ಕಡೆಯ ಗಾಡಿಗಳಿಗೆ ಉಲ್ಟಾ. ಮೊದಲ ಎರಡು ತಿಂಗಳು ಕಾಕಾ ತಿರುವು ಬಂದಾಗಲೆಲ್ಲ ಸುಡುಬಿಸಿಲಿನಲ್ಲಿ ವೈಪರ್ ಓಡಿಸುತ್ತ ತಿರುಗಿದ. ಹಿಂದಿನವರು ಹಾರ್ನ್ ಹೊಡೆದರೆ, "ಅವರಿಗೇನ ಗೊತ್ತು" ಅನ್ನುತ್ತಿದ್ದ. ಗಾಡಿಯ ಹೊಟ್ಟೆ ತಗ್ಗು. ನಮ್ಮ ಓಣಿಯ ತುದಿಯ ಸ್ಪೀಡ್ ಹಂಪಿಗೆ ಅದು ತಾಗುತ್ತಿತ್ತು. ಅದಕ್ಕೆ ಪ್ರತಿ ಸಲ ಕಾಕಿಯನ್ನು ಇಳಿಸಿ, ಗಾಡಿಯನ್ನು ಅಡ್ಡಡ್ಡ ಏರಿಸಿ ದಾಟಿಸಿ, ಆಮೇಲೆ ಮತ್ತೆ ಹತ್ತಿಸಿಕೊಳ್ಳುತ್ತಿದ್ದ. "ಕಾರಿನ್ಯಾಗ ತಿರಗ್ಯಾಡ್ತಾಳ ಅಂತ ಹೆಸರು ನಂದು. ನಡದದ್ದ ಹೆಚ್ಚು" ಅನ್ನುತ್ತಿದ್ದಳು ಕಾಕಿ.

ಭಾನುವಾರ ಗಾಡಿ ಒರೆಸುತ್ತ ಕಾಕಾ ಕಂಪನಿಯ ಇತಿಹಾಸ ಹೇಳುತ್ತಿದ್ದ. "ಸಾಮಾನ್ಯ ಮಂದಿಗೊಂದು ಕಾರು ಬೇಕಂತ ಹುಟ್ಟಿದ ಕಂಪನಿ ನೋಡಪಾ ಇದು. ಸಾವುಕಾರಗಲ್ಲ, ನನ್ನಂಥಾ ಫಿಟ್ಟರಗ." ಕಾಕಾ ಹೇಳುವುದು ಅಷ್ಟೇ ಭಾಗ. ಉಳಿದದ್ದನ್ನು ನಾನು ಫೋನಿನಲ್ಲಿ ಓದಿ ತಂದು ಅವನ ಮುಂದೆ ಸುರಿದೆ. ಕಾರು ಕೊಡುತ್ತೇವೆಂದು ಸರ್ಕಾರ ಹೇಳಿತಂತೆ, ಕೆಲಸಗಾರರು ವಾರ ವಾರ ದುಡ್ಡು ಕಟ್ಟಿ, ಪುಸ್ತಕಕ್ಕೆ ಚೀಟಿ ಅಂಟಿಸಿ ಕಾದರಂತೆ. ಯುದ್ಧ ಬಂತು. ಕಾರ್ಖಾನೆ ಫೌಜಿನ ಗಾಡಿ ಮಾಡಿತು, ಸೆರೆ ಹಿಡಿದು ತಂದವರ ಕೈಯಿಂದ ಮಾಡಿಸಿತು. ಚೀಟಿ ಅಂಟಿಸಿದವರು ಅಂಟಿಸಿದ್ದೇ ಬಂತು. ಯುದ್ಧ ಮುಗಿದ ಮೇಲೆ ಗೆದ್ದ ದೇಶದ ಸೈನ್ಯದವರೇ ಬಂದು ಮುರಿದ ಛಾವಣಿಯ ಕೆಳಗೆ ಮತ್ತೆ ಮಶೀನು ಶುರು ಮಾಡಿಸಿದರಂತೆ.

"ನಿಮ್ಮ ಗಾಡಿ ಅಜ್ಜ-ಮುತ್ತ್ಯಾರು ಭಾಳ ಛಲೋ ಮನಶ್ಯಾರಲ್ಲ ಬಿಡ್ರಿ ಕಾಕಾ" ಎಂದೆ.

ಕಾಕಾ ಒರೆಸುವುದನ್ನು ನಿಲ್ಲಿಸಲಿಲ್ಲ. "ಕಬ್ಬಿಣ ಏನ ಮಾಡೀತು? ಹೇಳಿದವರು ಹೇಳಿದ್ರು, ನಂಬಿದವರು ನಂಬಿದ್ರು."

ಇನ್ನು ಹುಬ್ಬಳ್ಳಿಯವರ ವಿಷಯ. ದಾಂಡೇಲಿಯ ಮಿಸ್ತ್ರಿ ಆ ಗಾಡಿಯನ್ನು ಮುಟ್ಟುತ್ತಿರಲಿಲ್ಲ. "ಇದಕ್ಕ ಪಾನಾ, ಸ್ಕ್ರೂಡ್ರೈವರ್ ನಡ್ಯೂದಿಲ್ರಿ, ಕಂಪ್ಯೂಟರ್ ಹಚ್ಚಬೇಕು" ಎಂದು ಎರಡು ಕೈ ಎತ್ತಿ ದೂರ ನಿಲ್ಲುತ್ತಿದ್ದ. ಹಾಗಾಗಿ ಎಲ್ಲದಕ್ಕೂ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಫೋನು. ಅಲ್ಲಿ ನನ್ನ ವಯಸ್ಸಿನವನೇ ಒಬ್ಬ ಹುಡುಗ ಫೋನು ಎತ್ತುತ್ತಿದ್ದ. ಯಾವಾಗಲೂ ನೆಗಡಿ ಆದಂಥ ದನಿ, ಮಾತಿನ ಮುಂದೊಂದು ಸರ್, ಹಿಂದೊಂದು ಸರ್. ಗಾಡಿಯಲ್ಲಿ ಏನಾದರೂ ಸಪ್ಪಳ ಬಂದರೆ ಕಾಕಾ ನನ್ನನ್ನು ಕರೆದು ಫೋನು ಕೊಡುತ್ತಿದ್ದ. ನಾನು ಆ ಸಪ್ಪಳವನ್ನು ಬಾಯಿಂದ ಮಾಡಿ ಕೇಳಿಸುತ್ತಿದ್ದೆ. "ಸರ್, ಇನ್ನೊಮ್ಮೆ ಮಾಡಿ ಸರ್. ಹಾಂ, ಅದು ಬೆಲ್ಟ್ ಸರ್" ಎಂದು ಅವನು ಅಲ್ಲಿಂದಲೇ ರೋಗ ಹೇಳುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ. ನನ್ನ ವಿದ್ಯೆಯಿಂದ ಜಗತ್ತಿಗೆ ಆದ ಉಪಕಾರ ಅದೊಂದೇ.

ಕಾಕಾ ಆ ಹುಡುಗ ಹೇಳಿದ್ದನ್ನು ಕೇಳುವ ರೀತಿ ನೋಡಬೇಕಿತ್ತು. ಮಿಲ್ಲಿನಲ್ಲಿ ಅವನು ಕಲಿತ ಪದ್ಧತಿ ಹಾಗಿತ್ತು. ಶಿಫ್ಟಿನ ಸಾಹೇಬರ ಪರವಾನಗಿ ಇಲ್ಲದೆ ಫಿಟ್ಟರ್ ಒಂದು ವಾಲ್ವ್ ಕೂಡ ಮುಟ್ಟಬಾರದು. ಫೋನಿನಲ್ಲಿ ಪರವಾನಗಿ ಸಿಕ್ಕರೆ, ಸಿಕ್ಕ ಮಾತನ್ನು ಅವರಿಗೇ ತಿರುಗಿ ಒಪ್ಪಿಸಬೇಕು. ಅವರು 'ಬರೋಬರ್' ಅಂದ ಮೇಲೆ ಕೆಲಸ. ಆಮೇಲೆ ಮಶೀನು ಕಿರುಚಲಿ, ಕುಣಿಯಲಿ, ನಡುವೆ ತಲೆ ಓಡಿಸಬಾರದು. ಮೂವತ್ತು ವರ್ಷ ಹೀಗೆ ಮಾಡಿ ಹತ್ತೂ ಬೆರಳು ಸಲಾಮತ್ ಇಟ್ಟುಕೊಂಡು ಮನೆಗೆ ಬಂದ ಮನುಷ್ಯ. ಅದೇ ಪದ್ಧತಿ ಗಾಡಿಗೂ ಬಂತು. ಗಾಳಿ ಹಾಕಿಸಬೇಕೆಂದರೂ "ಹುಬ್ಬಳ್ಳಿಯವರನ್ನ ಕೇಳೂಣು". ಕೇಳಿದ ಮೇಲೆ, "ಹುಬ್ಬಳ್ಳಿಯವರು ಹೇಳ್ಯಾರ". ಅದರ ಮೇಲೆ ಅಪೀಲು ಇರಲಿಲ್ಲ.

ಚಳಿ ಬಿದ್ದಿತ್ತು, ಹಳಿಯಾಳ ಕಡೆ ಕಬ್ಬು ಕಡಿಯುತ್ತಿದ್ದರು. ಒಂದು ಗುರುವಾರ ಗಾಡಿಯಲ್ಲಿ ನೀರಿನಲ್ಲಿ ಅದ್ದಿದ ಥರ್ಮಾಮೀಟರಿನಂಥ ಒಂದು ಸಣ್ಣ ದೀಪ ಹತ್ತಿ ಆರಿತು. ಕಾಕಾ ಬಾನೆಟ್ ತೆಗೆದು ನೋಡಿದ. ಎಂಜಿನ್ ತಣ್ಣಗಿಡುವ ಗುಲಾಬಿ ನೀರು ಕೆಳಗಿನ ಗೆರೆಗೆ ಬಂದು ನಿಂತಿತ್ತು. ಆ ನೀರು ದಾಂಡೇಲಿಯಲ್ಲಿ ಸಿಗುವುದಿಲ್ಲ. ನಳದ ನೀರು ಹಾಕಬಹುದೋ ಬಾರದೋ? ಕೇಳಿದ. ನೆಗಡಿಯ ಹುಡುಗ, "ವರ್ಕ್‌ಶಾಪಿನಲ್ಲಿ ಕೇಳಿ ಫೋನ್ ಮಾಡ್ತೀವಿ ಸರ್, ಅಲ್ಲಿವರೆಗೆ ಓಡಿಸಬೇಡಿ ಸರ್" ಎಂದ. ಕಾಕಾ ಗಾಡಿಗೆ ಫೆಲ್ಟು ಹೊದಿಸಿ, ಫೋನು ತೊಡೆಯ ಮೇಲಿಟ್ಟುಕೊಂಡು ಕೂತ. ಗುರುವಾರ ಫೋನು ಬರಲಿಲ್ಲ. ಶುಕ್ರವಾರ ಮುಂಜಾನೆಯೂ ಬರಲಿಲ್ಲ. ಸ್ನಾನಕ್ಕೆ ಹೋಗುವಾಗ ಫೋನನ್ನು ಕಾಕಿಯ ಕೈಗೆ ಕೊಟ್ಟು ಹೋಗಿದ್ದನಂತೆ.

ಇದನ್ನೆಲ್ಲ ಕಾಕಿ ನನಗೆ ಫೋನಿನಲ್ಲಿ ಹೇಳಿ ನಕ್ಕಳು. ನಾನು ಗಣೇಶಗುಡಿಯಲ್ಲಿ ಖಾಲಿ ಕೂತಿದ್ದೆ. ಡ್ಯಾಮಿನಿಂದ ನೀರು ಬಿಟ್ಟಿರಲಿಲ್ಲ, ದೋಣಿಗಳು ದಂಡೆಯ ಮೇಲೆ ಬೋರಲು ಬಿದ್ದಿದ್ದವು, ಗೈಡುಗಳು ನೆರಳಿಗೆ ಕೂತು ಆಕಳಿಸುತ್ತಿದ್ದರು. "ಏನರ ಮಾಡೋ, ಹೊತ್ತು ಹೋಗವಲ್ದು" ಎಂದ ಒಬ್ಬ. ಅವನ ಹೊಸ ಸಿಮ್ಮಿನ ನಂಬರು ಕಾಕಾಗೆ ಗೊತ್ತಿರಲಿಲ್ಲ. ಆ ಫೋನನ್ನೇ ತಗೊಂಡು ಕಾಕಾಗೆ ಹಚ್ಚಿದೆ, ಮೂಗು ಸ್ವಲ್ಪ ಒತ್ತಿ ಹಿಡಿದೆ. ಸ್ಪೀಕರ್ ಹಾಕಿದೆ.

"ಸರ್ ನಮಸ್ಕಾರ ಸರ್, ಹುಬ್ಬಳ್ಳಿಯಿಂದ ಸರ್."

"ಹೇಳ್ರಿ, ಹೇಳ್ರಿ." ಕಾಕಾ ಎದ್ದು ನಿಂತದ್ದು ಇಲ್ಲಿಗೆ ಕೇಳಿಸಿತು. ಕುರ್ಚಿ ಸರಿದ ಸಪ್ಪಳ.

"ಸರ್, ಅದು ಬರೇ ಸೆನ್ಸರ್ ಸರ್. ದೀಪ ಹತ್ತಿದರೆ ಹತ್ತಲಿ ಸರ್. ನೀರು ಏನೂ ಹಾಕಬೇಡಿ. ಗಾಡಿ ಆರಾಮ ಓಡಿಸಿ ಸರ್, ಮುಂದಿನ ಸರ್ವಿಸಿನಲ್ಲಿ ನೋಡೋಣ."

"ಒಂದು ಮಿನಿಟ್ರಿ. ತಿರುಗಿ ಹೇಳ್ತೇನಿ. ದೀಪ ಸೆನ್ಸರಿಂದು. ನೀರು ಹಾಕಬಾರದು. ಗಾಡಿ ಓಡಸಬಹುದು. ದೀಪ ಹತ್ತಿದ್ರ ನಿಲ್ಲಸೂದು ಬ್ಯಾಡ. ಬರೋಬರ್ ಐತೇನ್ರಿ?"

"ಬರೋಬರ್ ಸರ್."

ಗೈಡುಗಳು ಮರಳಿನ ಮೇಲೆ ಉರುಳಾಡಿದರು. ಆ ಸಂಜೆ ಆರು ಸಲ ಅದನ್ನೇ ಮಾಡಿಸಿದರು, ಕಾಕಾನ ದನಿಯನ್ನೂ ಸೇರಿಸಿ. ರಾತ್ರಿ ಊಟಕ್ಕೆ ಮೊದಲು ಕಾಕಾಗೆ ಫೋನು ಮಾಡಿ ನಿಜ ಹೇಳಿಬಿಡಬೇಕು ಅಂದುಕೊಂಡಿದ್ದೆ. ಊಟ ಚೆನ್ನಾಗಿತ್ತು, ಮರೆತೆ. ಇದಕ್ಕಿಂತ ದೊಡ್ಡ ಕಾರಣ ಕೊಡೋಣವೆಂದು ಬಹಳ ಹುಡುಕಿದ್ದೇನೆ, ಸಿಕ್ಕಿಲ್ಲ.

ಶನಿವಾರ ಮುಂಜಾನೆ ಆರಕ್ಕೆ ಕಾಕಾನ ಫೋನು. "ಪಾಳಾದಿಂದ ಫೋನ್ ಬಂದಿತ್ತು. ಆಯಿಗೆ ಉಸಿರು ಹತ್ತೇತಿ. ಲಗೂ ಬಾ, ಹೋಗೂಣು. ದಾರ್ಯಾಗ ಇನ್ನೊಬ್ಬ ಗಂಡಮನಶ್ಯಾ ಇರಬೇಕು." ಗೈಡೊಬ್ಬನ ಬೈಕು ಕೇಳಿಕೊಂಡು ದಾಂಡೇಲಿಗೆ ಬಂದೆ. ಬರುವಷ್ಟರಲ್ಲಿ ಫೆಲ್ಟು ತೆಗೆದು ಮಡಚಿ ಇಟ್ಟಾಗಿತ್ತು, ಎಂಜಿನ್ ಓಡುತ್ತಿತ್ತು. ಕಾಕಿ ಮುಂದಿನ ಸೀಟಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದಳು. ಹೇಳಲು ಬಾಯಿ ತೆರೆದೆ. ಆದರೆ ಈಗ ಹೇಳಿದರೆ ಕಾಕಾ ಎಂಜಿನ್ ಬಂದ್ ಮಾಡಿ ಹುಬ್ಬಳ್ಳಿಗೆ ಫೋನು ಹಚ್ಚುತ್ತಾನೆ, ಅಲ್ಲಿ ಒಂಬತ್ತಕ್ಕೆ ಮೊದಲು ಯಾರೂ ಎತ್ತುವುದಿಲ್ಲ, ಕಾಕಿಗೆ ಹೊತ್ತಾಗುತ್ತದೆ. ದೀಪವೂ ಹತ್ತಿರಲಿಲ್ಲ. ಸೆನ್ಸರೇ ಇದ್ದರೂ ಇರಬಹುದು, ನಾನು ಸುಳ್ಳು ಹೇಳಿದೆ ಅಂದ ಮಾತ್ರಕ್ಕೆ ಅದು ಸುಳ್ಳೇ ಯಾಕಾಗಬೇಕು. ಹೀಗೆಲ್ಲ ಲೆಕ್ಕ ಹಾಕಿ ಹಿಂದೆ ಹತ್ತಿ ಕೂತೆ. 'ಧಬ್' ಅಂತ ಬಾಗಿಲು ಹಾಕಿದೆ. ಓಣಿಯ ಹಂಪಿನ ಹತ್ತಿರ ಕಾಕಿ ತಾನಾಗಿಯೇ ಇಳಿಯಲು ಹೋದಳು. "ಇವತ್ತ ಕೂಡು, ತಾಗಿದ್ರ ತಾಗಲಿ" ಎಂದ ಕಾಕಾ. ತಾಗಿತು. ಕಾಕಾ ಹಿಂದೆ ನೋಡಲಿಲ್ಲ.

ಹಳಿಯಾಳ ದಾಟಿ ಕಲಘಟಗಿ ರಸ್ತೆಗೆ ಬಿದ್ದೆವು. ಪಾಳಾದಿಂದ ಕಾಕಿಯ ತಮ್ಮ ಎರಡು ಸಲ ಫೋನು ಮಾಡಿದ. ಎರಡೂ ಸಲ ಒಂದೇ ಮಾತು: "ಲಗೂ ಬರ್ರಿ. ನಿನ್ನ ಕೇಳಾಕತ್ಯಾಳ." ಆಗ ದೀಪ ಹತ್ತಿತು. ಈ ಸಲ ಆರಲಿಲ್ಲ.

"ಕಾಕಾ, ದೀಪ" ಎಂದೆ ನಾನು ಹಿಂದಿನಿಂದ.

"ಸೆನ್ಸರ್" ಎಂದ ಕಾಕಾ.

"ಒಂದ ಮಿನಿಟ್ ನಿಲ್ಲಿಸಿ ನೋಡೂಣೇನ್ರಿ?"

"ಹುಬ್ಬಳ್ಳಿಯವರು ಹೇಳ್ಯಾರ. ನಿಲ್ಲಸೂದು ಬ್ಯಾಡ."

ನನ್ನದೇ ಮಾತು ಅವನ ಬಾಯಿಂದ ಬಂತು, ನೆಗಡಿ ಇಲ್ಲದೆ. ಆಗ ನಿಜ ಹೇಳುವುದಕ್ಕೆ ನಾಲ್ಕು ಶಬ್ದ ಸಾಕಾಗಿತ್ತು. ಕನ್ನಡಿಯಲ್ಲಿ ಕಾಕಿಯ ಮುಖ ಕಾಣುತ್ತಿತ್ತು, ತುಟಿ ಏನೋ ಜಪಿಸುತ್ತಿತ್ತು. ಈ ಮುಖದ ಮುಂದೆ ನಾನು ಚೇಷ್ಟೆ ಮಾಡಿದ್ದೆ ಅಂತ ಹೇಗೆ ಹೇಳಲಿ. ಇನ್ನೊಂದು ಊರು ದಾಟಲಿ, ಅಲ್ಲಿ ಹೇಳಿದರಾಯಿತು. ಆ ಊರು ದಾಟಿತು.

ಸ್ವಲ್ಪ ಹೊತ್ತಿಗೆ ಸಿಹಿ ವಾಸನೆ ಬಂತು, ಪಾಕ ಏರಿದಾಗ ಬರುವಂಥದ್ದು. "ಎಲ್ಲೋ ಬೆಲ್ಲಾ ಕುದಸಾಕತ್ತಾರ" ಎಂದಳು ಕಾಕಿ. ಆ ದಿನ ಅವಳು ತಾನಾಗಿ ಆಡಿದ ಮೊದಲ ಮಾತು. "ಗಾಣ ಚಾಲೂ ಆಗಿರಬೇಕು" ಎಂದ ಕಾಕಾ. ಎರಡೂ ಕಡೆ ಕಬ್ಬಿನ ಹೊಲ, ಕಾಲವೂ ಅದೇ. ನಾವು ಮೂರೂ ಜನ ಕಿಟಕಿಯಿಂದ ಹೊರಗೆ ನೋಡಿದೆವು, ಬೆಲ್ಲ ಕಾಸುವ ಹೊಗೆ ಎಲ್ಲಿ ಏಳುತ್ತಿದೆ ಅಂತ. ಹೊಗೆ ಕಾಣಲಿಲ್ಲ. ಎರಡು ಕಿಲೋಮೀಟರು ಹೀಗೆ ಗಾಣ ಹುಡುಕುತ್ತ ಹೋದೆವು. ಆ ಗುಲಾಬಿ ನೀರು ಬಿಸಿ ಕಬ್ಬಿಣದ ಮೇಲೆ ಬಿದ್ದರೆ ಹಾಗೇ ವಾಸನೆ ಬರುತ್ತದೆಂದು ಆಮೇಲೆ ಗೊತ್ತಾಯಿತು. ಬೇರೆ ಊರಿನವರಾಗಿದ್ದರೆ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನಾವು ಕಬ್ಬಿನ ಸೀಮೆಯವರು, ಬೆಲ್ಲವೆಂದು ಸಮಾಧಾನ ಮಾಡಿಕೊಂಡೆವು.

ಗಾಡಿ ಕೂಗಿಕೊಳ್ಳತೊಡಗಿತು. ಮೂರು ಸಲ ಬೀಪ್, ಸ್ವಲ್ಪ ತಡೆದು ಮತ್ತೆ ಮೂರು ಸಲ. ಜರ್ಮನಿಯ ಗಾಡಿ ತನಗೆ ಗೊತ್ತಿದ್ದ ಎಲ್ಲ ರೀತಿಯಲ್ಲಿ ನಿಜ ಹೇಳಿತು. ಸುಳ್ಳು ಹೇಳಿದ್ದು ಹಿಂದಿನ ಸೀಟಿನಲ್ಲಿ ಕೂತಿತ್ತು. ಕಾಕಾನ ಕುತ್ತಿಗೆ ಬೆವೆತಿತ್ತು, ಆದರೂ ಕಾಲು ಎತ್ತಲಿಲ್ಲ. ಆಮೇಲೆ ಮುಂದುಗಡೆ ಒಂದು ಸಪ್ಪಳ ಆಯಿತು. ಆ ಸಪ್ಪಳವೊಂದನ್ನು ನಾನು ಈವರೆಗೆ ಯಾರ ಮುಂದೆಯೂ ಮಾಡಿ ತೋರಿಸಿಲ್ಲ. ಗಾಡಿ ತಾನೇ ರಸ್ತೆಯ ಬದಿಗೆ ಹೋಗಿ ನಿಂತಿತು.

ಕಾಕಾ ಬಾನೆಟ್ ಎತ್ತಿದ. ಬಿಳಿ ಹಬೆ ಅವನ ಮುಖದ ತುಂಬ ಬಂತು. ಮೂವತ್ತು ವರ್ಷ ಹಬೆಯ ನಡುವೆ ಕೆಲಸ ಮಾಡಿದವನು ಹಿಂದೆ ಸರಿಯದೆ ಹಾಗೇ ನಿಂತ. ಆಮೇಲೆ, ನನಗೆ ಈಗಲೂ ನಂಬುವುದಕ್ಕೆ ಆಗುವುದಿಲ್ಲ, ಹುಬ್ಬಳ್ಳಿಗೆ ಫೋನು ಹಚ್ಚಿದ. ಒಂಬತ್ತು ಆಗಿತ್ತು, ನೆಗಡಿಯ ಹುಡುಗ ಎತ್ತಿದ.

"ಸರ್, ನಾನು ಫೋನ್ ಮಾಡಿಲ್ಲ ಸರ್. ನಿನ್ನೆ ನಾನು ರಜೆ ಇದ್ದೆ ಸರ್."

"ನಿಮ್ಮ ದನಿ ನನಗ ಗೊತ್ತಾಗೂದಿಲ್ಲೇನ್ರಿ? ನಾ ತಿರುಗಿ ಹೇಳೇನಿ, ನೀವು ಬರೋಬರ್ ಅಂದೀರಿ."

"ಇಲ್ಲ ಸರ್, ನಾನಲ್ಲ ಸರ್."

"ಯಾರು ಮತ್ತ? ನಿಮ್ಮಪ್ಪೇನು?" ಕಾಕಾ ಯಾರಿಗೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಇವರ ಜಗಳ ನಡೆದಿರುವಾಗ ಕಾಕಿ ಇಳಿದಳು. ಕೈಚೀಲ ಹೆಗಲಿಗೆ ಹಾಕಿಕೊಂಡು ರಸ್ತೆ ಹಿಡಿದು ನಡೆದಳು.

"ಏ, ಎಲ್ಲಿ ಹೊಂಟಿ?" ಎಂದ ಕಾಕಾ.

"ಪಾಳಾಕ್ಕ" ಎಂದಳು. ತಿರುಗಿ ನೋಡಲಿಲ್ಲ.

ಪಾಳಾ ಅಲ್ಲಿಂದ ಅರವತ್ತು ಕಿಲೋಮೀಟರಿಗೂ ಮೇಲೆ. ನಾನು ಹಿಂದೆ ಓಡಿದೆ. ಕಬ್ಬಿನ ಟ್ರ್ಯಾಕ್ಟರುಗಳು ಎದುರಿನಿಂದ ಬರುತ್ತಿದ್ದವು, ನಮ್ಮ ದಿಕ್ಕಿಗೆ ಯಾವುದೂ ಇಲ್ಲ. ಒಂದು ಬಸ್ಸು ಬಾಗಿಲಿಗೆ ಜನ ಜೋತುಬಿದ್ದು ಬಂತು, ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ ಹಾಲಿನ ಟೆಂಪೋದವನೊಬ್ಬ ಕ್ಯಾನುಗಳ ನಡುವೆ ಜಾಗ ಮಾಡಿ ಕಲಘಟಗಿಗೆ ಬಿಟ್ಟ. ಅಲ್ಲಿ ಮುಂಡಗೋಡದ ಬಸ್ಸಿಗೆ ಮುಕ್ಕಾಲು ತಾಸು ಕಾದೆವು. ಕಾಕಿ ಕೂಡಲಿಲ್ಲ, ನೀರು ಕುಡಿಯಲಿಲ್ಲ. ಅವಳಿಗೆ ಧೈರ್ಯ ಹೇಳೋಣವೆಂದರೆ ಬಾಯಿಗೆ ಬಂದ ಪ್ರತಿ ಮಾತೂ ಬೇರೆ ಯಾರದೋ ದನಿಯಲ್ಲಿ ಬರುತ್ತಿತ್ತು. ಸುಮ್ಮನಿದ್ದೆ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಕಾಕಿ ಅದೇ ಮೊದಲು ನೋಡಿರಬೇಕು.

ಬಸ್ಸು ಅತ್ತಿವೇರಿಯ ಕಡೆ ತಿರುಗುವ ರಸ್ತೆ ದಾಟುವಾಗ ಅವಳ ತಮ್ಮನ ಫೋನು ಬಂತು. ಈ ಸಲ ಲಗೂ ಬರ್ರಿ ಅನ್ನಲಿಲ್ಲ.

"ಎಲ್ಲಿದ್ದೀರಿ?"

"ಮುಂಡಗೋಡ ಬರಾಕತ್ತೇತಿ."

"ಹೂಂ. ಸಾವಕಾಶ ಬರ್ರಿ."

ಕಾಕಿ ಫೋನನ್ನು ಕೈಚೀಲದೊಳಗೆ ಇಟ್ಟಳು. ಸೀರೆ ಸರಿಪಡಿಸಿಕೊಂಡಳು. "ಸಾವಕಾಶ ಬರ್ರಿ ಅಂದ" ಎಂದು ನನಗೆ ಹೇಳಿದಳು, ಕೇಳದವನಿಗೆ ಹೇಳುವ ಹಾಗೆ. ಆಮೇಲೆ ಮುಂಡಗೋಡದವರೆಗೆ ಕಿಟಕಿಯ ಸರಳು ಹಿಡಿದು ಕೂತಳು. ಬಸ್ಸು ಮುಂಜಾನೆಯಿಂದ ಇಲ್ಲದ ವೇಗದಲ್ಲಿ ಓಡಿತು.

ಪಾಳಾದಲ್ಲಿ ಬಾಗಿಲಿಗೆ ಮಂದಿ ಕೂಡಿದ್ದರು. ನಾವು ಹೋಗುವುದಕ್ಕೆ ಒಂದು ತಾಸಿನ ಮೊದಲು ಹೋಗಿತ್ತು ಜೀವ. ನೀರು ಬಿಟ್ಟದ್ದು ತಮ್ಮನ ಹೆಂಡತಿ. "ಭಾಳ ಹೊತ್ತು ಬಾಯಿ ಮುಚ್ಚೇ ಇದ್ರು ಅಕ್ಕಾರ. ನೀವು ಬರ್ತೀರಂತ ಹಲ್ಲು ಕಚ್ಚಿ ಹಿಡದಿದ್ರು" ಎಂದಳು. ಅವಳಾದರೂ ಏನು ಮಾಡಿಯಾಳು, ನಿಜ ಹೇಳಿದಳು. ಕಾಕಿ ತಾಯಿಯ ತಲೆಯ ಹತ್ತಿರ ಕೂತು, ಸೆರಗಿನ ತುದಿಯಿಂದ ಆ ತುಟಿ ಒರೆಸಿದಳು. ಒಣಗಿದ್ದವು, ಒರೆಸುವುದಕ್ಕೆ ಏನೂ ಇರಲಿಲ್ಲ. ಮಣ್ಣಿಗೆ ಹೊರಡುವ ಹೊತ್ತಿಗೆ ಕಾಕಾ ಯಾರದೋ ಲಾರಿ ಹಿಡಿದು ಬಂದು ಮುಟ್ಟಿದ. ಅಂಗಿಯ ತೋಳಿಗೆ ಇನ್ನೂ ಆ ಸಿಹಿ ವಾಸನೆ ಇತ್ತು.

ಗಾಡಿಯನ್ನು ಹುಬ್ಬಳ್ಳಿಗೆ ಎತ್ತಿಕೊಂಡು ಹೋದರು. ಇಲಿ ಪೈಪು ಕಡಿದಿತ್ತು, ನೀರು ಸೋರಿ ಹೋಗಿತ್ತು, ಒಣ ಎಂಜಿನ್ ಓಡಿ ಓಡಿ ಒಳಗಿನ ಕಬ್ಬಿಣ ಒಂದಕ್ಕೊಂದು ಕಚ್ಚಿಕೊಂಡಿತ್ತು. ಮೊದಲ ದೀಪಕ್ಕೇ ನಿಲ್ಲಿಸಿದ್ದರೆ ಪೈಪು ಬದಲಿಸಿ ಕಳಿಸುತ್ತಿದ್ದೆವು ಎಂದರಂತೆ. ಕಾಕಾ ಅಲ್ಲಿಯ ಮ್ಯಾನೇಜರಿಗೆ ತಕರಾರು ಬರೆದುಕೊಟ್ಟು ಬಂದ: ನಿಮ್ಮ ಹುಡುಗನೇ ಓಡಿಸಲು ಹೇಳಿದ್ದು, ಅವನನ್ನು ಕೆಲಸದಿಂದ ತೆಗೆಯಬೇಕು. ಆ ಹುಡುಗ ದಿನಕ್ಕೆರಡು ಸಲ ಫೋನು ಮಾಡಿ, "ಸರ್, ಬೇಕಾದರೆ ರಜೆ ಚೀಟಿ ಕಳಿಸ್ತೀನಿ ಸರ್" ಎಂದು ಅಳುವ ದನಿಯಲ್ಲಿ ಹೇಳುತ್ತಿದ್ದ. ದಿನಕರ್ಮ ಮುಗಿಯುವವರೆಗೆ ನಾನು ತಡೆದುಕೊಂಡೆ. ಆಮೇಲೆ ತಡೆಯಲು ಆಗಲಿಲ್ಲ.

ದಾಂಡೇಲಿಯ ಮನೆಯಲ್ಲಿ, ಮಧ್ಯಾಹ್ನ. ಕಾಕಾ ಪಡಸಾಲೆಯಲ್ಲಿ ಕೂತಿದ್ದ, ಕಾಕಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಗೈಡಿನ ಸಿಮ್ಮು, ಸ್ಪೀಕರು, ನಕ್ಕದ್ದು, ಊಟ.

ಕಾಕಾ ಕೈಯಲ್ಲಿದ್ದ ಫೋನು ಕೆಳಗಿಟ್ಟ. "ಮಾಡು" ಎಂದ.

"ಏನ್ರಿ?"

"ಆ ದನಿ ಮಾಡು."

ಮೂಗು ಒತ್ತಿ ಹಿಡಿದು ಮಾಡಿದೆ. ಸರ್, ಅದು ಬರೇ ಸೆನ್ಸರ್ ಸರ್. ಕಾಕಾ ಕಣ್ಣು ಮುಚ್ಚಿ ಕೇಳಿದ. "ಬರೋಬರ್ ಐತಿ" ಎಂದ.

ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. "ನೀ ಹೇಳಿದ್ದು ಬಾಯಿ ಮಾತು. ಮಶೀನ್ ಮುಂದ ಇದ್ದಾಂವ ನಾನು" ಎಂದು ಶುರು ಮಾಡಿದ. "ವಾಸನಿ ಬಂತು. ಬೀಪ್ ಅಂತು. ಫಿಟ್ಟರ್ ಆದಾಂವ ನಾ, ನಿಲ್ಲಸಬೇಕಿತ್ತು."

"ಇಲ್ರಿ ಕಾಕಾ, ನನ್ನ ತಪ್ಪ ಅದು. ನೀರು ಹಾಕಬ್ಯಾಡ್ರಿ ಅಂದಾಂವ ನಾನು."

"ನೀರು ಹಾಕಿದ್ರೂ ಸೋರತಿತ್ತಪಾ. ಪೈಪ ಹರದಿತ್ತು. ಹಳಿಯಾಳದಾಗ ಬಾನೆಟ್ ಎತ್ತಿ ನೋಡಿದ್ರ ಎಂಜಿನ್ ಉಳೀತಿತ್ತು."

"ಹಳಿಯಾಳದಾಗ ನಾ ಹೇಳಿದ್ರ ಉಳೀತಿತ್ತು."

"ಹೆಡ್ ಹೋಗೇತಿ, ಪಿಸ್ಟನ್ ಹಿಡದಾವು. ಬೆಳಗಾವಿ ಗುಜರಿಯಾಗ ಹಳೇ ಎಂಜಿನ್ ಸಿಗತೈತಂತ. ಆದ್ರ ಆ ಎಂಜಿನ್ ಆಗಿರೂದಿಲ್ಲ. ಎಂಥಾ ಎಂಜಿನ್ ಇತ್ತದು." ಕಾಕಾನ ದನಿ ಒಡೆಯಿತು. ಕಣ್ಣು ಒರೆಸಿಕೊಂಡ. ನನಗೂ ಕಣ್ಣು ತುಂಬಿತು. ನಾನು ಕೊಂದೆ, ಇಲ್ಲ ನಾನು ಕೊಂದೆ ಎಂದು ಇಬ್ಬರೂ ಆ ಎಂಜಿನ್ನಿಗಾಗಿ ಇನ್ನೂ ಸ್ವಲ್ಪ ಹೊತ್ತು ಕಿತ್ತಾಡಿದೆವು.

ಒಳಗೆ ಮೊರದಲ್ಲಿ ಅಕ್ಕಿ ಕೇರುವ ಸಪ್ಪಳ ನಿಂತಿತ್ತು. ಕಾಕಿ ಬಾಗಿಲಿಗೆ ಬಂದು ನಿಂತದ್ದು ನಮಗೆ ಗೊತ್ತಾಗಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಸತ್ತಾಕಿ ನಮ್ಮವ್ವರೀ," ಎಂದಳು. "ನಿಮ್ಮ ಗಾಡಿ ಅಲ್ಲ."